ಮೊದಲು ಜಗಲಿಯವರೆಗೆ
ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರನ್ನು ನೋಡಲು ಬಂದವರು ಕೇಳುವುದು ಒಂದೇ: ‘ಮತ್ತೆ ಯಾವಾಗ ನಡೀತೀಯಪ್ಪ?’ ದಯವಿಟ್ಟು ಹಾಗೆ ಕೇಳಬೇಡಿ. ಎಷ್ಟೋ ಸಲ ವೈದ್ಯರಿಗೂ ಅದನ್ನು ಖಚಿತವಾಗಿ ಹೇಳಲಾಗುವುದಿಲ್ಲ.

ಪೆಟ್ಟು ಬಿದ್ದಿರುವ ಅಣ್ಣಾ, ಈ ವಾರದ ಗುರಿಯನ್ನು ನೀವೇ ಹೇಳಿ. ‘ಹುಷಾರಾಗಬೇಕು’ ಅಂದರೆ ಸಾಲದು. ‘ಶನಿವಾರದೊಳಗೆ ಒಬ್ಬರ ಆಸರೆಯಲ್ಲಿ ಮಂಚದಿಂದ ಗಾಲಿಕುರ್ಚಿಗೆ ಹೋಗ್ತೀನಿ’ ಅನ್ನಿ. ಆಯಿತೋ ಇಲ್ಲವೋ ಗೊತ್ತಾಗುತ್ತದೆ. ಫಿಸಿಯೋಥೆರಪಿಸ್ಟ್ ಜೊತೆ ಕೂತು ಗೊತ್ತುಮಾಡಿಕೊಳ್ಳಿ. ಆಮೇಲೆ ಜಗಲಿಯವರೆಗೆ, ಆಮೇಲೆ ಕೊಬ್ಬರಿಯ ತೂಕ, ಲೆಕ್ಕ. ಅಟ್ಟದ ಮೇಲಿನ ಕಾಯಿ ಉಂಡೆ ಕೊಬ್ಬರಿಯಾಗಲಿ ಅಂತ ಹೆಚ್ಚುಕಡಿಮೆ ವರ್ಷ ಕಾಯುವ ಜನ ನಾವು; ಇದಕ್ಕೂ ಹಾಗೇ ಕಾಯೋಣ.

ದಿನವೂ ತಪ್ಪಿಸಬಾರದ ಗುರಿ ಒಂದಿದೆ: ಚರ್ಮದ ಕಾಳಜಿ. ಸ್ಪರ್ಶವಿಲ್ಲದ ಕಡೆ ಒತ್ತುಹುಣ್ಣು ನೋವೇ ಗೊತ್ತಾಗದೆ ಆಗುತ್ತದೆ. ಕುರ್ಚಿಯಲ್ಲಿದ್ದಾಗ 15–30 ನಿಮಿಷಕ್ಕೊಮ್ಮೆ ಭಾರ ಬದಲಿಸಿ. ಬೆಳಿಗ್ಗೆ, ರಾತ್ರಿ ಕನ್ನಡಿ ಹಿಡಿದು ಬೆನ್ನು, ಕುಂಡಿ, ಹಿಮ್ಮಡಿ ನೋಡಿಕೊಳ್ಳಿ. ಕೆಂಪಾದ ಅಥವಾ ಕಂದಿದ ಕಲೆ ಮಾಯದಿದ್ದರೆ ಆ ಜಾಗದ ಮೇಲೆ ಭಾರ ಹಾಕದೆ ತಕ್ಷಣ ವೈದ್ಯರಿಗೆ ತೋರಿಸಿ.

ಇದಕ್ಕೆಲ್ಲ ನೆರವು ಬೇಕಾದರೆ ಬೆಂಗಳೂರಿನಲ್ಲಿ ನಿಮ್ಹಾನ್ಸ್‌ ಆಸ್ಪತ್ರೆಯ ಪುನರ್ವಸತಿ ವಿಭಾಗವಿದೆ. ಸ್ವತಃ ಗಾಲಿಕುರ್ಚಿಯಲ್ಲಿದ್ದ ಎನ್.ಎಸ್. ಹೇಮಾ ಅವರು ಸಂಗಡಿಗರೊಂದಿಗೆ 1959ರಲ್ಲಿ ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯೂ ಇದೆ. ಹೋಗುವಾಗ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಎತ್ತಿ ಕೂರಿಸುವ ಬಗೆಯನ್ನು ಅವರೂ ಕಲಿಯಬೇಕು.