ಸಣ್ಣ ಟ್ರೇಲರ್ ಎಳೆಯಲು ಯಾವ ವಾಹನ ಸೂಕ್ತ?

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ರೈತರಿಗೆ ಹಟ್ಟಿಗೊಬ್ಬರ, ಬೈಹುಲ್ಲು, ತೆಂಗಿನಕಾಯಿ, ಭತ್ತದ ಮೂಟೆಗಳ ಸಾಗಣೆ ವರ್ಷವಿಡೀ ಇರುವ ಕೆಲಸ. ಆಳುಗಳ ಕೊರತೆಯಿಂದಾಗಿ ಪವರ್ ಟಿಲ್ಲರ್ ಅಥವಾ ಸಣ್ಣ ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸುವವರು ಹಲವರು. ಕೊಳ್ಳುವಾಗ ಮೊದಲು ಕೇಳುವ ಪ್ರಶ್ನೆ "ಎಷ್ಟು ಅಶ್ವಶಕ್ತಿ?" ಎಂಬುದು. ಆದರೆ ಏರು ತಗ್ಗುಗಳ ನಮ್ಮ ನೆಲದಲ್ಲಿ ಅಶ್ವಶಕ್ತಿಗಿಂತಲೂ ವಾಹನದ ತೂಕ, ಚಕ್ರದ ಹಿಡಿತ ಹಾಗೂ ಬ್ರೇಕುಗಳು ಮುಖ್ಯ.

ಒಂದು ಲೆಕ್ಕ

5 ಕ್ವಿಂಟಲ್ ತೂಕದ ಟ್ರೇಲರಿನಲ್ಲಿ 10 ಕ್ವಿಂಟಲ್ ಗೊಬ್ಬರ ತುಂಬಿದರೆ ಒಟ್ಟು 15 ಕ್ವಿಂಟಲ್. ಇದನ್ನು ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಎಳೆಯಲು ಸುಮಾರು 30 ಕಿಲೋ ಬಲ ಸಾಕು. ಮಣ್ಣು ದಾರಿಯಲ್ಲಿ ಸುಮಾರು 90 ಕಿಲೋ ಬೇಕು. ಬೈಲಿನಿಂದ ಬೆಟ್ಟಿಗೆ ಹತ್ತಕ್ಕೆ ಒಂದರಷ್ಟು ಏರು ಇದ್ದರೆ ಇನ್ನೂ 150 ಕಿಲೋ ಸೇರಿ 240 ಕಿಲೋ ಆಗುತ್ತದೆ. ಗಂಟೆಗೆ 6 ಕಿ.ಮೀ. ವೇಗದಲ್ಲಿ ಇದಕ್ಕೆ ತಗಲುವುದು ಆರು ಅಶ್ವಶಕ್ತಿಗೂ ಕಡಿಮೆ. ವಾಹನದ ಸ್ವಂತ ಭಾರಕ್ಕೆ ಇನ್ನಷ್ಟು ಸೇರಿಸಿದರೂ 12-13 ಅಶ್ವಶಕ್ತಿಯ ಟಿಲ್ಲರಿನ ಎಂಜಿನಿಗೆ ಇದು ಭಾರವಲ್ಲ.

ತೊಂದರೆ ಬರುವುದು ಮಳೆಗಾಲದಲ್ಲಿ. ಒದ್ದೆಯಾದ ಕೆಂಪು ಮಣ್ಣಿನಲ್ಲಿ ಚಕ್ರದ ಹಿಡಿತವು ಅದರ ಮೇಲಿನ ಭಾರದ ಮೂರನೇ ಒಂದು ಪಾಲಿಗೆ ಇಳಿಯಬಹುದು. 4-5 ಕ್ವಿಂಟಲ್ ತೂಕದ ಟಿಲ್ಲರಿಗೆ ಆಗ ಸಿಗುವುದು ಸುಮಾರು 150 ಕಿಲೋ ಎಳೆತ ಮಾತ್ರ. ಎಂಜಿನ್ ಎಷ್ಟು ಗರ್ಜಿಸಿದರೂ ಚಕ್ರ ನಿಂತಲ್ಲೇ ತಿರುಗುತ್ತದೆ.

ಇಳಿಯುವಾಗ ಇದೇ 15 ಕ್ವಿಂಟಲ್ ಹಿಂದಿನಿಂದ ತಳ್ಳುತ್ತದೆ. ಜೀವಕ್ಕೆ ಅಪಾಯ ಇರುವುದು ಇಲ್ಲಿಯೇ.

ಯಾವುದನ್ನು ಆರಿಸಬೇಕು?

1. ಪವರ್ ಟಿಲ್ಲರ್: ಕಿರಿದಾದ ದಾರಿ, ಸಣ್ಣ ಹಿಡುವಳಿ, ಹೆಚ್ಚು ಏರಿಲ್ಲದ ಮಜಲು-ಬೈಲು ಗದ್ದೆಗಳಿಗೆ ಸೂಕ್ತ. ಟ್ರೇಲರಿಗೆ ಕಾಲಿನಿಂದ ಒತ್ತುವ ಬ್ರೇಕ್ ಇರಲೇಬೇಕು.

2. ಸಣ್ಣ ಟ್ರ್ಯಾಕ್ಟರ್ (18-28 ಅಶ್ವಶಕ್ತಿ): ಏರುದಾರಿ ಇರುವ ತೋಟಗಳಿಗೆ ಒಳ್ಳೆಯದು. ಮಳೆಗಾಲದಲ್ಲಿಯೂ ಸಾಗಣೆ ಇದ್ದರೆ ನಾಲ್ಕು ಚಕ್ರ ಎಳೆತದ ಮಾದರಿ ಮೇಲು.

3. ದೊಡ್ಡ ಟ್ರ್ಯಾಕ್ಟರ್: ಅಗಲವಾದ ರಸ್ತೆ ಹಾಗೂ ವರ್ಷವಿಡೀ ಉಳುಮೆಯ ಕೆಲಸವಿದ್ದರೆ ಮಾತ್ರ. ಸಾಗಣೆಯೊಂದಕ್ಕೇ ಸಾಲ ಮಾಡಿ ಕೊಳ್ಳುವುದು ಲಾಭವಲ್ಲ. ವರ್ಷದಲ್ಲಿ ಕೆಲವೇ ದಿನಗಳ ಕೆಲಸವಿದ್ದಲ್ಲಿ ಬಾಡಿಗೆಗೆ ಪಡೆಯುವುದೇ ಲೇಸು.

ಕೊಳ್ಳುವ ಮೊದಲು ಮನೆಯಿಂದ ಗದ್ದೆಯವರೆಗಿನ ದಾರಿಯನ್ನು ನಡೆದು ನೋಡಿರಿ. ಅತಿ ಕಿರಿದಾದ ತಿರುವು, ತೋಡು ದಾಟುವ ಮೋರಿಯ ಅಗಲ, ಅತಿ ಕಡಿದಾದ ಏರು ಇವನ್ನು ಅಳೆದು ಬರೆದುಕೊಳ್ಳಿರಿ. ಕಾಲುಸಂಕದ ಮೇಲೆ ಯಾವ ಯಂತ್ರವೂ ದಾಟದು. ಬ್ರೇಕ್ ಇಲ್ಲದ ಟ್ರೇಲರಿನ ಒಟ್ಟು ತೂಕವು ನಮ್ಮ ಇಳಿಜಾರುಗಳಲ್ಲಿ ಎಳೆಯುವ ವಾಹನದ ತೂಕವನ್ನು ಮೀರದಿರಲಿ.

ಬಳಸುವಾಗ ಎಚ್ಚರಿಕೆ

* ಟ್ರೇಲರನ್ನು ಅದಕ್ಕೆಂದೇ ಇರುವ ಕೆಳಗಿನ ಕೊಂಡಿಗೇ ಜೋಡಿಸಬೇಕು. ಎತ್ತರದಲ್ಲಿ ಕಟ್ಟಿದರೆ ಏರಿನಲ್ಲಿ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಹಿಂದಕ್ಕೆ ಮಗುಚಬಹುದು.

* ಎರಡು ಚಕ್ರದ ಟ್ರೇಲರಿನಲ್ಲಿ ಭಾರವು ಸ್ವಲ್ಪ ಮುಂದಕ್ಕೆ ಇರಲಿ. ಹಿಂದೆ ಹೆಚ್ಚಾದರೆ ಕೊಂಡಿಯನ್ನು ಮೇಲೆತ್ತಿ ಎಳೆಯುವ ಚಕ್ರದ ಹಿಡಿತ ಕಡಿಮೆಯಾಗುತ್ತದೆ. ಬೈಹುಲ್ಲನ್ನು ಅತಿ ಎತ್ತರಕ್ಕೆ ಹೇರಬಾರದು.

* ಇಳಿಜಾರಿನ ತುದಿಯಲ್ಲೇ ಕೆಳಗಿನ ಗೇರಿಗೆ ಬದಲಾಯಿಸಿರಿ. ಇಳಿಯುವಾಗ ಕ್ಲಚ್ ಒತ್ತಬಾರದು; ನ್ಯೂಟ್ರಲ್ ಮಾಡಲೇಬಾರದು.

* ಟಿಲ್ಲರ್ ನಡೆಸುವವರು ಇದನ್ನು ಮರೆಯಬಾರದು: ಇಳಿಜಾರಿನಲ್ಲಿ ಟ್ರೇಲರ್ ತಳ್ಳುತ್ತಿರುವಾಗ ಎಡಗಡೆಯ ತಿರುವು ಕ್ಲಚ್ ಒತ್ತಿದರೆ ಯಂತ್ರವು ಬಲಕ್ಕೆ ತಿರುಗುತ್ತದೆ. ಆದುದರಿಂದ ಅಲ್ಲಿ ತಿರುವು ಕ್ಲಚ್ ಬಳಸದೆ ಹಿಡಿಯಿಂದಲೇ ನಿಧಾನವಾಗಿ ತಿರುಗಿಸಬೇಕು.

* ರಸ್ತೆಯಲ್ಲಿ ಹೋಗುವಾಗ ಟ್ರ್ಯಾಕ್ಟರಿನ ಎಡ-ಬಲ ಬ್ರೇಕುಗಳನ್ನು ಕೂಡಿಸಿ ಕೊಂಡಿ ಹಾಕಬೇಕು. ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಬೇಕಾದವರು ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕಗಳನ್ನು ಹಾಕಿಸಿರಬೇಕು.

* ಟ್ರೇಲರಿನ ಮೇಲೆ ಜನರನ್ನು ಕೂರಿಸಿ ಸಾಗಿಸಬಾರದು.

ಹೆಚ್ಚಿನ ಸಲಹೆಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಕಾಣಬಹುದು. ಹಣ ಕೊಡುವ ಮೊದಲು ಯಂತ್ರಕ್ಕೆ ಟ್ರೇಲರ್ ಕಟ್ಟಿ, ಭಾರ ಹೇರಿ, ನಿಮ್ಮದೇ ದಾರಿಯಲ್ಲಿ ನಿಧಾನವಾಗಿ ಒಮ್ಮೆ ಓಡಿಸಿ ತೋರಿಸುವಂತೆ ಮಾರಾಟಗಾರರನ್ನು ಕೇಳಿರಿ. ಏರನ್ನು ಹತ್ತಿದ್ದನ್ನಷ್ಟೇ ನೋಡಿ ಒಪ್ಪಬೇಡಿರಿ. ಇಳಿಜಾರಿನ ನಡುವೆ ನಿಲ್ಲಿಸಿದಾಗ ನಿಂತಿತೇ ಎಂಬುದನ್ನೂ ನೋಡಿರಿ.