ಹಸಿರು ದೀಪ ನಂಬಿ ಕೈ ಹಾಕಬೇಡ

ಐಟಿಐ ಮುಗಿಸಿದ್ದೀಯ, ವಸಂತನರಸಾಪುರದಲ್ಲೋ ಕುಣಿಗಲ್ ಕಡೆಯ ಅಂಚೇಪಾಳ್ಯದಲ್ಲೋ ಕೆಲಸ ಹುಡುಕುತ್ತಿದ್ದೀಯ. ಒಳ್ಳೆಯದಪ್ಪ. 2023ರ ಫೆಬ್ರುವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ನಮ್ಮ ಹುಡುಗರ ಕಣ್ಣೆಲ್ಲ ಅದರ ಮೇಲೇ. ಆಸೆ ಇರಲಿ. ಆದರೆ ಎಷ್ಟೋ ಜನಕ್ಕೆ ಮೊದಲು ಸಿಗುವುದು ಸಣ್ಣ ಶೆಡ್ಡಿನ ಪವರ್ ಪ್ರೆಸ್. ತಗಡು ಇಡು, ಒತ್ತು, ಪೀಸ್ ತೆಗೆ. ಅದರ ಮುಂದೆ ನಿಲ್ಲುವ ಮೊದಲು ಈ ಮುದುಕನ ಮಾತು ಸ್ವಲ್ಪ ಕೇಳು.

ಈಗಿನ ಪ್ರೆಸ್‌ಗಳ ಎರಡು ಪಕ್ಕದಲ್ಲಿ ಸಾಮಾನ್ಯವಾಗಿ ಹಳದಿ ಬಣ್ಣದ ಎರಡು ಕಂಬಿ ಇರುತ್ತವೆ. ಅದೇ ಲೈಟ್ ಕರ್ಟನ್. ಒಂದು ಕಂಬಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಕೈ ಬಂದರೆ ಕಂಬಿಯ ಹಸಿರು ದೀಪ ಕೆಂಪಾಗಿ, ಮಷೀನಿಗೆ 'ನಿಲ್ಲು' ಅನ್ನುವ ಸಿಗ್ನಲ್ ಹೋಗುತ್ತದೆ. ಅಷ್ಟೇ ಅದರ ಕೆಲಸ. ಕಂಡಕ್ಟರ್ ಎಷ್ಟು ಜೋರಾಗಿ ಸೀಟಿ ಊದಿದರೂ ಬಸ್ ನಿಲ್ಲಿಸಬೇಕಾದ್ದು ಬ್ರೇಕು ತಾನೆ?

ಆದ್ದರಿಂದ ಮೊದಲು ಕ್ಲಚ್ ಯಾವುದು ಅಂತ ಕೇಳು. ಹಳೇ ಪಿನ್ ಕ್ಲಚ್ ಪ್ರೆಸ್ ಆದರೆ ಪೆಡಲ್ ತುಳಿದ ಮೇಲೆ ಸುತ್ತು ಪೂರ್ತಿಯಾಗುವವರೆಗೆ ಅದು ಯಾರ ಮಾತೂ ಕೇಳುವುದಿಲ್ಲ. ಅಂಥದಕ್ಕೆ ಕರ್ಟನ್ ಹಾಕಿದ್ದರೆ ಅದು ಆಡಿಟ್‌ಗೆ ಬಂದವರ ಕಣ್ಣಿಗೆ ಹಾಕಿದ್ದು, ನಿನ್ನ ಕೈ ಉಳಿಸುವುದಕ್ಕಲ್ಲ. ಅಲ್ಲಿ ಬೆರಳು ತೂರದ ಹಾಗೆ ಗಟ್ಟಿ ಜಾಲರಿಯೇ ಬೇಕು.

ನಡುದಾರಿಯಲ್ಲಿ ನಿಲ್ಲಬಲ್ಲ ಪ್ರೆಸ್ ಆದರೆ ದೂರದ ಲೆಕ್ಕ ಬರುತ್ತದೆ. ಐಎಸ್‌ಒ 13855 ಅನ್ನುವ ಮಾನದಂಡ ಕೈಯ ವೇಗವನ್ನು ಸೆಕೆಂಡಿಗೆ 2000 ಮಿಲಿಮೀಟರ್ ಅಂತ ಹಿಡಿಯುತ್ತದೆ. ಕಿರಣ ಕಡಿದಾಗಿನಿಂದ ಪ್ರೆಸ್ ಪೂರ್ತಿ ನಿಲ್ಲುವವರೆಗೆ 0.1 ಸೆಕೆಂಡ್ ಬೇಕೆಂದರೆ, ಅಷ್ಟರಲ್ಲಿ ಕೈ 200 ಮಿಲಿಮೀಟರ್ ಒಳಗೆ ಹೋಗಿರುತ್ತದೆ. ಬೆರಳನ್ನೇ ಗುರುತಿಸುವ 14 ಮಿಲಿಮೀಟರ್ ಕರ್ಟನ್ ಆದರೆ ಡೈಯಿಂದ ಅಷ್ಟು ದೂರ ಸಾಕು. 30 ಮಿಲಿಮೀಟರಿನದಾದರೆ ಬೆರಳು ಕಿರಣಗಳ ಸಂದಿಯಲ್ಲಿ ನುಸುಳಿಬಿಡುತ್ತದೆ, ಅದಕ್ಕೇ ಇನ್ನೂ 128 ಸೇರಿಸಿ 328 ಇಡಬೇಕು. ಬ್ರೇಕ್ ಲೈನರ್ ಸವೆದು ನಿಲ್ಲುವ ಹೊತ್ತು 0.15 ಆಯಿತೋ, 200 ಇದ್ದದ್ದು 300 ಆಗಬೇಕು. ಆದರೆ ಕಂಬಿ ಹಳೇ ಜಾಗದಲ್ಲೇ ಇರುತ್ತದೆ, ದೀಪವೂ ಹಸಿರಾಗೇ ಉರಿಯುತ್ತಿರುತ್ತದೆ! ನನಗೆ ಭಯ ಇರುವುದು ಇಲ್ಲೇ.

ಪ್ರತಿ ಶಿಫ್ಟ್ ಶುರುವಿನಲ್ಲಿ ಟೆಸ್ಟ್ ರಾಡ್ ಕೇಳಿ ತೆಗೆದುಕೋ. ಕರ್ಟನ್ ಜೊತೆಯಲ್ಲೇ ಕೊಟ್ಟಿರುತ್ತಾರೆ, ಎಷ್ಟೋ ಕಡೆ ಬೀರುವಿನಲ್ಲಿ ಧೂಳು ತಿನ್ನುತ್ತಿರುತ್ತದೆ. ಎರಡು ಕಂಬಿಗಳ ಹತ್ತಿರ ಒಂದೊಂದು ಸಲ, ನಡುವೆ ಒಂದು ಸಲ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಸು. ಉದ್ದಕ್ಕೂ ಕೆಂಪು ದೀಪ ಇರಬೇಕು. ಒಂದು ಕ್ಷಣ ಹಸಿರು ಮಿನುಗಿದರೂ ಪ್ರೆಸ್ ಆಫ್ ಮಾಡಿ ಫಿಟರನ್ನು ಕರೆ. ಪಕ್ಕದಿಂದ, ಮೇಲಿನಿಂದ, ಹಿಂದಿನಿಂದ ಕೈ ಹೋಗುವ ಹಾಗಿದೆಯಾ ನೋಡು. ಕಂಬಿಗೂ ಡೈಗೂ ನಡುವೆ ಮನುಷ್ಯ ನಿಲ್ಲುವಷ್ಟು ಜಾಗ ಇದ್ದರೆ ಅದನ್ನೂ ಹೇಳು, ಏಕೆಂದರೆ ಒಳಗೆ ನಿಂತವನನ್ನು ಕರ್ಟನ್ ಕಾಣುವುದಿಲ್ಲ. ಡೈ ಬದಲಿಸುವಾಗಲಂತೂ ಕರ್ಟನ್ ನಂಬುವ ಮಾತೇ ಇಲ್ಲ. ಮೇನ್ ಆಫ್ ಮಾಡಿ, ಬೀಗ ಹಾಕಿ, ಕೀ ನಿನ್ನ ಜೇಬಿನಲ್ಲಿಟ್ಟುಕೊಂಡು, ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಕೊಟ್ಟು ಆಮೇಲೆ ಕೈ ಹಾಕು.

ಬೈಪಾಸ್ ವಿಚಾರ ಯಾವ ಐಟಿಐಯಲ್ಲೂ ಕಲಿಸುವುದಿಲ್ಲ, ಶೆಡ್ಡಿನಲ್ಲಿ ಮೊದಲ ವಾರದಲ್ಲೇ ಯಾರೋ ಕಲಿಸಿಬಿಡುತ್ತಾರೆ. ಪ್ಯಾನೆಲ್ ಒಳಗೆ ಒಂದು ತುಂಡು ವೈರ್ ಕೊಡುವುದು, ಇಲ್ಲವೇ ಎರಡು ಕಂಬಿಗಳನ್ನೂ ಬಿಚ್ಚಿ ಮಷೀನಿನ ಪಕ್ಕದಲ್ಲಿ ಎದುರುಬದುರು ಕಟ್ಟುವುದು. ಟಾರ್ಗೆಟ್ ಮುಟ್ಟಬೇಕಲ್ಲ! ಇದರಲ್ಲಿ ಹುಡುಗರ ತಪ್ಪಿಗಿಂತ ಟಾರ್ಗೆಟ್ ಇಟ್ಟವರ ತಪ್ಪೇ ದೊಡ್ಡದು ಅಂತ ನಾನು ಹೇಳುತ್ತೇನೆ. ಆದರೆ ಬೆರಳು ಹೋಗುವುದು ಅವರದಲ್ಲ. ಪರಿಹಾರದ ಕಾನೂನಿನ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ನೂರಕ್ಕೆ 30 ನಷ್ಟ, ತೋರುಬೆರಳು ಪೂರ್ತಿ ಹೋದರೆ 14. ದುಡ್ಡು ಆ ಲೆಕ್ಕದಲ್ಲೇ ಬರುವುದು.

ಸುರಕ್ಷತಾ ಸಾಧನವನ್ನು ಕೆಡಿಸಬಾರದು ಅನ್ನುವುದು ಕಾರ್ಮಿಕನ ಮೇಲಿನ ಕಟ್ಟುಪಾಡು, ಸುರಕ್ಷತೆಯ ಮಾಹಿತಿ ಕೇಳುವುದು ಅವನ ಹಕ್ಕು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಇವೆರಡೂ ಇದ್ದವು, ಅದರ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲೂ ಇವೆ. ಅದಕ್ಕೇ, ಸೇರಿದ ದಿನವೇ ಮರ್ಯಾದೆಯಿಂದ ಸೂಪರ್‌ವೈಸರನ್ನು ಕೇಳು: "ಸಾರ್, ಈ ಪ್ರೆಸ್ ನಿಲ್ಲೋದಕ್ಕೆ ಎಷ್ಟು ಹೊತ್ತು ಬೇಕು, ಕೊನೇ ಸಲ ಯಾವಾಗ ಅಳೆಸಿದ್ರಿ?" ಉತ್ತರ ಸಿಗದಿದ್ದರೆ ಬೇರೆ ಮಷೀನ್ ಕೊಡಿ ಅನ್ನು. ಅದೂ ಆಗದಿದ್ದರೆ ಬೇರೆ ಶೆಡ್ ನೋಡಿಕೋ.