ಕಡಲ ಮಕ್ಕಳ ಕಣ್ಣು



ನೀರು ತುಂಬಿದ ಬೋಗುಣಿಯಲ್ಲಿ ಮುಖ ಮುಳುಗಿಸಿ ಕಣ್ಣು ಬಿಟ್ಟು ನೋಡಿದ್ದೀರಾ? ತಳದಲ್ಲಿ ಒಂದು ನಾಣ್ಯ ಇಟ್ಟಿದ್ದರೂ ಅದರ ಮೇಲಿನ ಅಕ್ಷರ ಓದಲು ಆಗುವುದಿಲ್ಲ. ಎಲ್ಲವೂ ಮಸುಕು ಮಸುಕು. ಸಮುದ್ರದ ನೀರಾದರೆ ಉಪ್ಪಿನಿಂದ ಕಣ್ಣು ಉರಿಯುತ್ತದೆ ಕೂಡ.

ಆದರೆ ನಿಮ್ಮದೇ ವಯಸ್ಸಿನ ಕೆಲವು ಮಕ್ಕಳು ಸಮುದ್ರದಲ್ಲಿ ಮುಳುಗಿ, ಬರಿಗಣ್ಣಿನಿಂದಲೇ ಹುಡುಕಿ, ತಳದಲ್ಲಿರುವ ಪುಟ್ಟ ಚಿಪ್ಪುಗಳನ್ನು ಆರಿಸಿ ತರುತ್ತಾರೆ. ಕಪ್ಪು ಕಲ್ಲಿನ ಪಕ್ಕದ ಕಪ್ಪು ಚಿಪ್ಪೂ ಅವರ ಕಣ್ಣಿಗೆ ಬೀಳುತ್ತದೆ. ಇವರು ಯಾರು? ಇವರ ಕಣ್ಣಿಗೆ ಅಂಥ ಶಕ್ತಿ ಎಲ್ಲಿಂದ ಬಂತು? ಬನ್ನಿ, ತಿಳಿಯೋಣ.

ದೋಣಿಯೇ ಮನೆ

ಭೂಪಟವನ್ನು ತೆಗೆಯಿರಿ. ಬಂಗಾಳ ಕೊಲ್ಲಿಯ ಪೂರ್ವಕ್ಕೆ ಅಂಡಮಾನ್ ಸಮುದ್ರವಿದೆ. ಅದರ ಪೂರ್ವ ದಡದಲ್ಲಿ ಮ್ಯಾನ್ಮಾರ್ ಮತ್ತು ಥಾಯ್ಲೆಂಡ್ ದೇಶಗಳಿವೆ. ಈ ದಡದ ಹತ್ತಿರ ನೂರಾರು ಚಿಕ್ಕ ದ್ವೀಪಗಳಿವೆ. ಅಲ್ಲಿ ವಾಸಿಸುವ ಜನರೇ ಮೋಕೆನ್ ಜನ. 'ಕಡಲ ಅಲೆಮಾರಿಗಳು' ಎಂದು ಇವರನ್ನು ಕರೆಯುವುದುಂಟು.

ಹಿಂದೆ ಮೋಕೆನ್ ಕುಟುಂಬಗಳು ವರ್ಷದ ಬಹುಭಾಗವನ್ನು 'ಕಬಾಂಗ್' ಎಂಬ ಮರದ ದೋಣಿಯಲ್ಲೇ ಕಳೆಯುತ್ತಿದ್ದವು. ಅಡುಗೆ, ಊಟ, ನಿದ್ದೆ ಎಲ್ಲವೂ ದೋಣಿಯಲ್ಲೇ. ಮೀನು, ಚಿಪ್ಪಿನ ಜೀವಿಗಳು, ಕಡಲ ಸೌತೆ ಮುಂತಾದವನ್ನು ಹಿಡಿದು ಜೀವನ ನಡೆಸುತ್ತಿದ್ದರು. ನೈಋತ್ಯ ಮಾರುತಗಳು ಬೀಸಿ ಕಡಲು ಕೆರಳಿದಾಗ ಮಾತ್ರ ದ್ವೀಪಗಳಿಗೆ ಬಂದು ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಇದೇ ಮಾರುತ ನಮ್ಮ ರಾಜ್ಯಕ್ಕೂ ಮಳೆ ತರುತ್ತದೆ. ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಮೀನು ಹಿಡಿಯಲು ಹೋಗುವಂತಿಲ್ಲ. ಆಗ ಕಡಲು ಒರಟಾಗಿರುತ್ತದೆ; ಹಲವು ಜಾತಿಯ ಮೀನುಗಳು ಮರಿ ಮಾಡುವ ಕಾಲವೂ ಅದೇ.

ಈಗ ಹೆಚ್ಚಿನ ಮೋಕೆನ್ ಜನ ದಡದ ಹಳ್ಳಿಗಳಲ್ಲಿ ನೆಲೆಸಿದ್ದಾರೆ. ಥಾಯ್ಲೆಂಡಿನ ಸುರಿನ್ ದ್ವೀಪಗಳಲ್ಲಿ ಅಂಥ ಒಂದು ಹಳ್ಳಿ ಇದೆ.

ನೀರಿನಲ್ಲಿ ಏಕೆ ಮಸುಕು?

ನಾವು ಒಂದು ವಸ್ತುವನ್ನು ಸ್ಪಷ್ಟವಾಗಿ ನೋಡಬೇಕಾದರೆ ಅದರಿಂದ ಬರುವ ಬೆಳಕು ಬಾಗಿ, ಕಣ್ಣಿನ ಹಿಂಭಾಗದ ರೆಟಿನಾದ ಮೇಲೆ ಸರಿಯಾಗಿ ಕೂಡಬೇಕು. ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಹೋಗುವಾಗ ಬಾಗುತ್ತದೆ. ಇದಕ್ಕೆ ವಕ್ರೀಭವನ ಎನ್ನುತ್ತಾರೆ.

ಕಣ್ಣಿನೊಳಗೆ ಮಸೂರ ಇದೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಆದರೆ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಮಾಡುವುದು ಆ ಮಸೂರವಲ್ಲ! ಕಣ್ಣಿನ ಮುಂದೆ ಗಾಜಿನಂತೆ ಇರುವ ಉಬ್ಬಿದ ಪರದೆ, ಅಂದರೆ ಕಾರ್ನಿಯಾ. ಗಾಳಿಯಿಂದ ಕಾರ್ನಿಯಾದೊಳಗೆ ಬರುವಾಗ ಬೆಳಕು ಚೆನ್ನಾಗಿ ಬಾಗುತ್ತದೆ. ಆದರೆ ಕಾರ್ನಿಯಾಕ್ಕೂ ನೀರಿಗೂ ಬೆಳಕಿನ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದ್ದರಿಂದ ನೀರಿನಲ್ಲಿ ಬೆಳಕು ಹೆಚ್ಚುಕಡಿಮೆ ಬಾಗದೆ ಒಳಗೆ ಹೋಗುತ್ತದೆ. ಉಳಿದ ಕೆಲಸ ಮಸೂರ ಒಂದರಿಂದಲೇ ಆಗುವುದಿಲ್ಲ. ಹಾಗಾಗಿ ಚಿತ್ರ ಮಸುಕಾಗುತ್ತದೆ.

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಮುಳುಗಿ ಮೀನುಗಳನ್ನು ನೋಡುವವರು ಮುಖಕ್ಕೆ ದೊಡ್ಡ ಕನ್ನಡಕದಂಥ ಗಾಜಿನ ಮುಸುಕು ಕಟ್ಟಿಕೊಳ್ಳುವುದನ್ನು ಚಿತ್ರಗಳಲ್ಲಿ ನೋಡಿರಬಹುದು. ಅದು ನೀರನ್ನು ತಡೆಯಲು ಮಾತ್ರವಲ್ಲ. ಗಾಜಿಗೂ ಕಣ್ಣಿಗೂ ನಡುವೆ ಗಾಳಿ ಉಳಿಯುತ್ತದೆ. ಗಾಳಿ ಇದ್ದರೆ ಕಾರ್ನಿಯಾ ಮತ್ತೆ ತನ್ನ ಕೆಲಸ ಮಾಡುತ್ತದೆ!

ಮಾಡಿ ನೋಡಿ – 1

ಒಂದು ಭೂತಗನ್ನಡಿ, ಒಂದು ನಾಣ್ಯ ಮತ್ತು ಬೋಗುಣಿಯಲ್ಲಿ ಶುದ್ಧ ನೀರು ತೆಗೆದುಕೊಳ್ಳಿ. ಮೊದಲು ನಾಣ್ಯವನ್ನು ಮೇಜಿನ ಮೇಲಿಟ್ಟು, ಮೂರು ಬೆರಳು ಎತ್ತರದಲ್ಲಿ ಭೂತಗನ್ನಡಿ ಹಿಡಿದು ನೋಡಿ. ನಾಣ್ಯ ದೊಡ್ಡದಾಗಿ ಕಾಣುತ್ತದೆ. ಈಗ ನಾಣ್ಯವನ್ನು ನೀರಿನ ತಳದಲ್ಲಿಡಿ. ಭೂತಗನ್ನಡಿಯನ್ನೂ ಪೂರ್ತಿ ನೀರಿನೊಳಗೆ ಮುಳುಗಿಸಿ, ಅಷ್ಟೇ ಎತ್ತರದಲ್ಲಿ ಹಿಡಿದು ನೋಡಿ. ನಾಣ್ಯ ಮೊದಲಿನಷ್ಟು ದೊಡ್ಡದಾಗಿ ಕಾಣುತ್ತದೆಯೇ? ನೀರಿನಲ್ಲಿ ಭೂತಗನ್ನಡಿಗೆ ಆದದ್ದೇ ನಿಮ್ಮ ಕಾರ್ನಿಯಾಕ್ಕೂ ಆಗುತ್ತದೆ.

ಮೋಕೆನ್ ಮಕ್ಕಳ ಗುಟ್ಟು

ಸ್ವೀಡನ್ ದೇಶದ ಲುಂಡ್ ವಿಶ್ವವಿದ್ಯಾಲಯದ ವಿಜ್ಞಾನಿ ಆನಾ ಗಿಸ್ಲೆನ್ ಮತ್ತು ಅವರ ಸಂಗಡಿಗರು ಸುರಿನ್ ದ್ವೀಪಗಳಿಗೆ ಹೋದರು. ನೀರಿನೊಳಗೆ ಗೆರೆಗಳಿರುವ ಚಿತ್ರಗಳನ್ನು ಇಟ್ಟು, ಗೆರೆಗಳು ನಿಂತಿವೆಯೋ ಮಲಗಿವೆಯೋ ಎಂದು ಮಕ್ಕಳಿಗೆ ಕೇಳಿದರು. ಗೆರೆಗಳನ್ನು ಸಣ್ಣದು ಮಾಡುತ್ತಾ ಹೋದರು. ಅಲ್ಲಿಗೆ ಪ್ರವಾಸ ಬಂದಿದ್ದ ಯುರೋಪಿನ ಮಕ್ಕಳಿಗೂ ಇದೇ ಪರೀಕ್ಷೆ. ಮೋಕೆನ್ ಮಕ್ಕಳು ನೀರಿನಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಸ್ಪಷ್ಟವಾಗಿ ನೋಡಬಲ್ಲರು ಎಂದು ತಿಳಿಯಿತು. ಈ ಫಲಿತಾಂಶ 2003ರಲ್ಲಿ ಪ್ರಕಟವಾಯಿತು.

ಅವರು ಎರಡು ಕೆಲಸ ಮಾಡುತ್ತಿದ್ದರು. ಒಂದು, ಕಣ್ಣಿನ ಮಸೂರವನ್ನು ಆದಷ್ಟು ಉಬ್ಬಿಸಿ ಬೆಳಕನ್ನು ಹೆಚ್ಚು ಬಾಗಿಸುವುದು. ಎರಡು, ಕಣ್ಣಿನ ಪಾಪೆಯನ್ನು ತುಂಬ ಕಿರಿದು ಮಾಡುವುದು. ನೀರಿನೊಳಗೆ ಬೆಳಕು ಕಡಿಮೆ. ಆದ್ದರಿಂದ ಬೇರೆ ಮಕ್ಕಳ ಪಾಪೆ ದೊಡ್ಡದಾಗುತ್ತದೆ. ಮೋಕೆನ್ ಮಕ್ಕಳದು ಇದಕ್ಕೆ ವಿರುದ್ಧ!

ಇದು ಹುಟ್ಟಿನಿಂದ ಬಂದ ಗುಣವೇ? ವಿಜ್ಞಾನಿಗಳು ಅಲ್ಲಿಗೇ ಬಿಡಲಿಲ್ಲ. ಸ್ವೀಡನ್ನಿನ ಮಕ್ಕಳಿಗೆ ನೀರಿನಲ್ಲಿ ನೋಡುವ ಅಭ್ಯಾಸ ಮಾಡಿಸಿದರು. ಸುಮಾರು ಒಂದು ತಿಂಗಳಲ್ಲಿ ಹನ್ನೊಂದು ಸಲ ಅಭ್ಯಾಸ. ಕೊನೆಗೆ ಅವರೂ ಮೋಕೆನ್ ಮಕ್ಕಳಂತೆಯೇ ನೋಡಬಲ್ಲವರಾದರು. ಅಂದರೆ ನೋಡುವುದನ್ನೂ ಕಲಿಯಬಹುದು!

ಮಾಡಿ ನೋಡಿ – 2

ಪುಸ್ತಕವನ್ನು ಅಕ್ಷರಗಳು ಮಸುಕಾಗುವವರೆಗೂ ಕಣ್ಣಿನ ತೀರ ಹತ್ತಿರ ತನ್ನಿ. ಈಗ ರಟ್ಟಿನಲ್ಲಿ ಗುಂಡುಸೂಜಿಯಿಂದ ಒಂದು ಸಣ್ಣ ತೂತು ಮಾಡಿ, ಸೂಜಿಯನ್ನು ದೂರ ಇಡಿ. ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ತೂತಿನ ಮೂಲಕ ಅದೇ ಅಕ್ಷರಗಳನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ಅಕ್ಷರಗಳು ಸ್ಪಷ್ಟವಾಗುತ್ತವೆ. ಪಾಪೆ ಕಿರಿದಾದರೆ ಏಕೆ ಅನುಕೂಲ ಎಂದು ಈಗ ಗೊತ್ತಾಯಿತೇ?

ಮನುಷ್ಯರನ್ನು ತಿನ್ನುವ ಅಲೆ

ಮೋಕೆನ್ ಜನರ ಕಣ್ಣು ನೀರಿನೊಳಗೆ ಮಾತ್ರವಲ್ಲ, ನೀರಿನ ಮೇಲೂ ಚುರುಕು. ಅಜ್ಜ ಅಜ್ಜಿಯರು ಮಕ್ಕಳಿಗೆ ಒಂದು ಕತೆ ಹೇಳುತ್ತಿದ್ದರು. 'ಲಾಬೂನ್' ಎಂಬ ಅಲೆ ಇದೆ. ಅದು ಮನುಷ್ಯರನ್ನು ತಿನ್ನುತ್ತದೆ. ಅದು ಬರುವ ಮೊದಲು ಸಮುದ್ರ ಹಿಂದೆ ಸರಿಯುತ್ತದೆ. ಹಾಗೆ ಸರಿದರೆ ಬೆಟ್ಟ ಹತ್ತಬೇಕು.

2004ರ ಡಿಸೆಂಬರ್ 26ರ ಬೆಳಿಗ್ಗೆ ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಬಳಿ ಸಮುದ್ರದ ತಳದಲ್ಲಿ ಭಾರಿ ಭೂಕಂಪವಾಯಿತು. ಅದರಿಂದ ಎದ್ದ ಸುನಾಮಿ ಅಲೆಗಳು ನಮ್ಮ ಅಂಡಮಾನ್ ನಿಕೋಬಾರ್ ಮತ್ತು ತಮಿಳುನಾಡು ಸೇರಿದಂತೆ ಹಲವು ಕಡೆ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡವು.

ಆ ದಿನ ಸುರಿನ್ ದ್ವೀಪದಲ್ಲಿ ಸಮುದ್ರದ ನೀರು ಇದ್ದಕ್ಕಿದ್ದಂತೆ ಹಿಂದೆ ಸರಿಯಿತು. ಹಿರಿಯರಿಗೆ ಲಾಬೂನ್ ಕತೆ ನೆನಪಾಯಿತು. ಎಲ್ಲರನ್ನೂ ಕೂಗಿ ಎತ್ತರದ ಜಾಗಕ್ಕೆ ಕರೆದೊಯ್ದರು. ಅಲೆ ಬಂದು ಹಳ್ಳಿಯನ್ನು ಕೊಚ್ಚಿಕೊಂಡು ಹೋಯಿತು. ಆದರೆ ಹಳ್ಳಿಯ ಜನ ಹೆಚ್ಚುಕಡಿಮೆ ಎಲ್ಲರೂ ಉಳಿದರು.

ಹತ್ತು ವರ್ಷದ ಟಿಲ್ಲಿ

ಅದೇ ದಿನ, ಅದೇ ಥಾಯ್ಲೆಂಡಿನ ಫುಕೆಟ್ ದ್ವೀಪದಲ್ಲಿ ಇಂಗ್ಲೆಂಡಿನ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಹುಡುಗಿ ತಂದೆ ತಾಯಿ ಮತ್ತು ತಂಗಿಯೊಂದಿಗೆ ಮಾಯ್ ಖಾವ್ ಕಡಲತೀರದಲ್ಲಿದ್ದಳು. ಸಮುದ್ರದ ನೀರು ವಿಚಿತ್ರವಾಗಿ ನೊರೆ ನೊರೆಯಾಗಿ ಮೇಲೆ ಬರುತ್ತಿತ್ತು. ಸುಮಾರು ಎರಡು ವಾರಗಳ ಹಿಂದೆಯಷ್ಟೇ ಅವಳ ಶಾಲೆಯಲ್ಲಿ ಸುನಾಮಿಯ ಬಗ್ಗೆ ಭೂಗೋಳದ ಪಾಠ ನಡೆದಿತ್ತು. ಅವಳು ಕೂಡಲೇ ಗುರುತು ಹಿಡಿದು ದೊಡ್ಡವರಿಗೆ ಹೇಳಿದಳು, ಹಟ ಹಿಡಿದಳು. ತೀರ ಖಾಲಿಯಾಯಿತು. ಸುಮಾರು ನೂರು ಜನರ ಜೀವ ಉಳಿಯಿತು.

ಗಮನಿಸಿ. ಮೋಕೆನ್ ಮಕ್ಕಳಿಗೆ ಅಜ್ಜನ ಕತೆಯಿಂದ ಬಂದ ತಿಳಿವಳಿಕೆ ಟಿಲ್ಲಿಗೆ ಶಾಲೆಯ ಪಾಠದಿಂದ ಬಂತು. ದಾರಿ ಬೇರೆ, ತಿಳಿವಳಿಕೆ ಒಂದೇ.

ಎಲ್ಲ ನಂಬಿಕೆಯೂ ನಿಜವೇ?

ಹಾಗಾದರೆ ಕಡಲ ಜನ ಹೇಳುವ ಎಲ್ಲವನ್ನೂ ನಂಬಬೇಕೇ? ಇಲ್ಲ. ಇನ್ನೆರಡು ನಂಬಿಕೆಗಳನ್ನು ನೋಡೋಣ.

ಹಾಯಿಹಡಗುಗಳ ಕಾಲದಲ್ಲಿ ಬಿರುಗಾಳಿಯ ರಾತ್ರಿ ಹಡಗಿನ ಕಂಬದ ತುದಿಯಲ್ಲಿ ಕೆಲವೊಮ್ಮೆ ನೀಲಿ ಬೆಳಕು ಕಾಣುತ್ತಿತ್ತು. 1519ರಲ್ಲಿ ಹೊರಟ ಮೆಗಲನ್ನನ ಯಾನದಲ್ಲೂ ಇದು ಕಂಡಿತ್ತು. ಯುರೋಪಿನ ನಾವಿಕರು ಇದನ್ನು 'ಸಂತ ಎಲ್ಮೋನ ಬೆಂಕಿ' ಎಂದರು. ಸಂತನೇ ಕಾಪಾಡಲು ಬಂದಿದ್ದಾನೆ ಎಂದು ಸಮಾಧಾನಪಟ್ಟರು. ಅವರು ಕಂಡದ್ದು ನಿಜ. ಕೊಟ್ಟ ಕಾರಣ ಸರಿಯಲ್ಲ. ಗುಡುಗಿನ ಮೋಡಗಳಲ್ಲಿ ವಿದ್ಯುದಾವೇಶ ಹೆಚ್ಚಿದಾಗ, ಚೂಪಾದ ತುದಿಯ ಸುತ್ತಲಿನ ಗಾಳಿಯಲ್ಲಿ ವಿದ್ಯುತ್ ಸೋರಿ ಬೆಳಕು ಹೊಮ್ಮುತ್ತದೆ. ಅಂದರೆ ಸಿಡಿಲು ಬಡಿಯಬಹುದು ಎಂಬ ಎಚ್ಚರಿಕೆ ಅದು!

ಇನ್ನೊಂದು ನಂಬಿಕೆ: ಶುಕ್ರವಾರ ಹಡಗು ಹೊರಟರೆ ಕೆಡುಕಾಗುತ್ತದೆ. ಇದನ್ನು ಪರೀಕ್ಷಿಸುವುದು ಹೇಗೆ? ನಾಲ್ಕು ಲೆಕ್ಕ ಬೇಕು.

1. ಶುಕ್ರವಾರ ಹೊರಟು ಅಪಾಯಕ್ಕೆ ಸಿಕ್ಕಿದ ಹಡಗುಗಳು
2. ಶುಕ್ರವಾರ ಹೊರಟು ಸುರಕ್ಷಿತವಾಗಿ ಬಂದ ಹಡಗುಗಳು
3. ಬೇರೆ ದಿನ ಹೊರಟು ಅಪಾಯಕ್ಕೆ ಸಿಕ್ಕಿದ ಹಡಗುಗಳು
4. ಬೇರೆ ದಿನ ಹೊರಟು ಸುರಕ್ಷಿತವಾಗಿ ಬಂದ ಹಡಗುಗಳು

ಜನರಿಗೆ ನೆನಪಿರುವುದು ಮೊದಲನೆಯದು ಮಾತ್ರ. ಉಳಿದ ಮೂರನ್ನು ಯಾರೂ ಲೆಕ್ಕ ಇಡುವುದಿಲ್ಲ. ಮೂಢನಂಬಿಕೆ ಹೀಗೆಯೇ ಬೆಳೆಯುತ್ತದೆ. ಕೊಲಂಬಸ್ 1492ರ ಆಗಸ್ಟ್ 3ರಂದು ಸ್ಪೇನಿನಿಂದ ಹೊರಟದ್ದು ಶುಕ್ರವಾರವೇ!

ಗುರುತು ಎಲ್ಲ ಕಡೆ ಒಂದೇ ಅಲ್ಲ

ಲಾಬೂನ್ ಕತೆಯನ್ನೂ ಪರೀಕ್ಷೆ ಮಾಡಬೇಕಲ್ಲವೇ? 2004ರ ಭೂಕಂಪದಲ್ಲಿ ಸಮುದ್ರದ ತಳ ಪಶ್ಚಿಮದ ಕಡೆ ಮೇಲೆದ್ದಿತು, ಪೂರ್ವದ ಕಡೆ ಕುಸಿಯಿತು. ಹೀಗಾಗಿ ಪೂರ್ವದಲ್ಲಿರುವ ಥಾಯ್ಲೆಂಡಿನಲ್ಲಿ ಮೊದಲು ನೀರು ಹಿಂದೆ ಸರಿಯಿತು, ಆಮೇಲೆ ಅಲೆ ಬಂತು. ಆದರೆ ಪಶ್ಚಿಮದಲ್ಲಿರುವ ಶ್ರೀಲಂಕಾ ಮತ್ತು ತಮಿಳುನಾಡಿನ ಕಡೆಗೆ ಸಾಗಿದ ಅಲೆಯಲ್ಲಿ ಉಬ್ಬೇ ಮುಂದಿತ್ತು. ಅಲ್ಲಿ ನೀರು ಹಿಂದೆ ಸರಿಯಲಿ ಎಂದು ಕಾಯುತ್ತಾ ಕುಳಿತವರಿಗೆ ಆ ಗುರುತು ಸಿಗುತ್ತಿರಲಿಲ್ಲ. ಕತೆ ಸುಳ್ಳಲ್ಲ, ಆದರೆ ಅದೊಂದೇ ಸಾಲದು.

ಅದಕ್ಕಾಗಿಯೇ 2007ರಲ್ಲಿ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. ಭೂಕಂಪಮಾಪಕಗಳು, ಸಮುದ್ರದ ತಳದಲ್ಲಿ ಒತ್ತಡ ಅಳೆಯುವ ಉಪಕರಣಗಳು ಮತ್ತು ದಡದ ನೀರಿನ ಮಟ್ಟ ಅಳೆಯುವ ಮಾಪಕಗಳಿಂದ ಅಲ್ಲಿಗೆ ಹಗಲೂ ರಾತ್ರಿ ಮಾಹಿತಿ ಬರುತ್ತದೆ. ಇದೇ ಸಂಸ್ಥೆ ಉಪಗ್ರಹಗಳಿಂದ ಕಡಲ ನೀರಿನ ಉಷ್ಣತೆ ಮತ್ತು ಬಣ್ಣವನ್ನು ತಿಳಿದು, ಮೀನು ಎಲ್ಲಿ ಸಿಗಬಹುದು ಎಂದು ಮೀನುಗಾರರಿಗೆ ಹೇಳುತ್ತದೆ. ನೀರಿನ ಬಣ್ಣ ಮತ್ತು ಹಕ್ಕಿಗಳ ಹಿಂಡು ನೋಡಿ ಬಲೆ ಬೀಸುತ್ತಿದ್ದ ಹಿರಿಯ ಮೀನುಗಾರರ ಕಣ್ಣಿಗೆ ಈಗ ಉಪಗ್ರಹದ ಕಣ್ಣೂ ಜೊತೆಯಾಗಿದೆ.

ನೆನಪಿಡಿ

ಶಾಲಾ ಪ್ರವಾಸದಲ್ಲಿ ಮಲ್ಪೆಗೋ ಮುರುಡೇಶ್ವರಕ್ಕೋ ಹೋದಾಗ ಶಿಕ್ಷಕರಿಲ್ಲದೆ ನೀರಿಗೆ ಇಳಿಯಬೇಡಿ. ಕಡಲತೀರದಲ್ಲಿ ನೆಲ ಜೋರಾಗಿ ನಡುಗಿದರೆ, ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದರೆ ಅಥವಾ ದೊಡ್ಡ ಮೊರೆತ ಕೇಳಿದರೆ, ಆದೇಶಕ್ಕೆ ಕಾಯದೆ ಎತ್ತರದ ಜಾಗಕ್ಕೆ ಓಡಿ. ಬರಿದಾದ ನೆಲದಲ್ಲಿ ಒದ್ದಾಡುವ ಮೀನು ಹೆಕ್ಕಲು ಹೋಗಬೇಡಿ. ಮೊದಲ ಅಲೆ ಹೋಯಿತೆಂದು ಕೆಳಗೆ ಇಳಿಯಬೇಡಿ. ಸುನಾಮಿಯಲ್ಲಿ ಅಲೆಗಳು ಒಂದರ ಹಿಂದೆ ಒಂದು ಬರುತ್ತವೆ. ಮೊದಲನೆಯದೇ ದೊಡ್ಡದಾಗಿರಬೇಕೆಂದೇನೂ ಇಲ್ಲ.

ಯೋಚಿಸಿ, ಮಾಡಿ

1. ಮಳೆ, ಗಾಳಿ, ಬೆಳೆ ಅಥವಾ ಮೀನಿನ ಬಗ್ಗೆ ನಿಮ್ಮ ಊರಿನ ಹಿರಿಯರು ಹೇಳುವ ಐದು ಮಾತುಗಳನ್ನು ಕೇಳಿ ಬರೆದುಕೊಳ್ಳಿ.
2. ಅವುಗಳಲ್ಲಿ ಒಂದನ್ನು ಆರಿಸಿ. ಹಡಗಿನ ಲೆಕ್ಕದಂತೆ ನಾಲ್ಕು ಕಾಲಮ್ ಹಾಕಿ, ಮೂರು ತಿಂಗಳು ಪ್ರತಿದಿನ ಗುರುತು ಮಾಡಿ. ಉದಾಹರಣೆಗೆ: ಇರುವೆಗಳು ಮೊಟ್ಟೆ ಹೊತ್ತು ಹೊರಟ ಮರುದಿನ ಮಳೆ ಬಂತೇ, ಬರಲಿಲ್ಲವೇ? ಇರುವೆಗಳು ಹೊರಡದ ದಿನಗಳ ಮರುದಿನ ಏನಾಯಿತು?
3. ಫಲಿತಾಂಶವನ್ನು ಆ ಹಿರಿಯರಿಗೂ ತೋರಿಸಿ. ಅವರು ಏನು ಹೇಳುತ್ತಾರೆ ಎಂದು ತರಗತಿಯಲ್ಲಿ ಚರ್ಚಿಸಿ.